ಹಿಂದಿನ ಮಗ್ಗಲು

ಫೋಟೋ ಒಂದೇ ಬಂದದ, ಮುಂದಿನದು.
ಗ್ರೀಸ್ ದೇಶದ ಮಡಕಿ, ಎರಡೂವರೆ ಸಾವಿರ ವರ್ಷದ್ದಂತ.
ಇದರ ಹಾಂಗೇ ಒಂದು ಬಿದರಿ ಸುರಾಯಿ ಬೇಕು
ದೀಪಾವಳಿಯೊಳಗ, ಅಂದಾನ ಹೈದರಾಬಾದಿನ ಸೇಠ.
ಉಸ್ತಾದ್ ಫಕ್ರುಸಾಬ್ ಕನ್ನಡಕ ಹಣಿಗೇರಿಸಿ
ಕಾಗದ ತಿರುವಿ ಹಿಂದ ನೋಡಿದರು.
ಬಿಳೇದು.
"ಮಹಾನಂದಾ, ಮಡಕಿ ದುಂಡಗಿರ್ತದ.
ಈ ಮಂದಿ ಬೆನ್ನಿಗಿ ಯಾರು ನಿಂತಾರ?"

ಮುಂದ ಇಬ್ಬರು ನಿಂತಾರ, ಒಬ್ಬ ಬಿದ್ದಾನ.
ಕಂಚಿನ ಟೊಪ್ಪಿಗಿ ನೆತ್ತಿ ಮ್ಯಾಲ ಕುದುರಿ ಜೂಲು,
ಢಾಲಿನ ಮ್ಯಾಲ ಬಾಲ ಎತ್ತಿದ ಚೇಳು.
ಮುಖ ಎಲ್ಲಾ ಪಕ್ಕಕ್ಕ ತಿರುಗ್ಯಾವ,
ಕಣ್ಣು ಮಾತ್ರ ನಮ್ಮನ್ನೇ ನೋಡ್ತಾವ
ಮೀನಿನ ಕಣ್ಣಿನ ಹಾಂಗ, ರೆಪ್ಪಿ ಇಲ್ಲದ.
ಬಿದ್ದವನ ತೊಡಿಯಿಂದ ಕೆಂಪು ಹರಿದದ.

ನಮ್ಮಲ್ಲಿ ಕೆಂಪಿಲ್ಲ.
ಜಸ್ತ ಅದ, ತಾಮ್ರ ಅದ, ಬೆಳ್ಳಿ ತಂತಿ ಅದ,
ಕಿಲ್ಲಾದ ಮಣ್ಣು, ನವಸಾಗರ.
ಇಪ್ಪತ್ತೆರಡು ವರ್ಷ ಈ ಉಳಿ ಹಿಡಿದೀನಿ,
ಅಶರ್ಫಿ ಹೂ ಕಣ್ಣು ಮುಚ್ಚಿ ಕೊರೀತೀನಿ,
ಬಳ್ಳಿ ಎಲ್ಲಿ ಹೊರಳ್ತದ ಅಂತ ಕೈಗೇ ಗೊತ್ತು.
ಗಾಯ ಎಲ್ಲಿಂದ ಸುರು ಆಗ್ತದ ಗೊತ್ತಿಲ್ಲ.
"ರಕ್ತ ಹ್ಯಾಂಗ ತೋರಿಸೋದು, ಉಸ್ತಾದ್?"
"ಕೊರಿ. ತಂತಿ ತುಂಬಬ್ಯಾಡ.
ಖಾಲಿ ಗೀರು ಮಣ್ಣಿನಾಗ ಕುದ್ದು ಕಪ್ಪಾಗ್ತದ.
ಹಳೇ ರಕ್ತ ಕಪ್ಪೇ ಇರ್ತದ."

ಬೆಳ್ಳಿ ತೂಗಿ ಕೊಡ್ತಾರ, ತೂಗಿ ತಗೋತಾರ.
ಸಂಜಿಮುಂದ ಚೀಟಿ ಮ್ಯಾಲ ಬರದೆ:
ಕೊಲ್ಲಾವನಿಗಿ ಮೂರು ಗ್ರಾಂ,
ಅವನ ಜೋಡಿಗಾರನಿಗಿ ಎರಡೂ ಮುಕ್ಕಾಲು,
ಸಾಯಾವನಿಗಿ ನಾಲ್ಕೂವರೆ.
ಲೆಕ್ಕದ ಹುಡುಗ ಹುಬ್ಬೇರಿಸಿದ.
ಬಿದ್ದ ಮನಷಾ ಉದ್ದ ಇರ್ತಾನಪ್ಪಾ,
ಕೂದಲು ಬಿಚ್ಚಿರ್ತದ, ಐದೂ ಬೆರಳು ಬಿಚ್ಚಿರ್ತಾವ.
ನಿಂತವರು ಮುಷ್ಟಿ ಹಿಡಿದಿರ್ತಾರ.

ಸೇಠಗ ಫೋನ್ ಹಚ್ಚಿದಿವಿ, ಮೂರು ಸಲ.
ನಾಲ್ಕನೇದಕ್ಕ ಎತ್ತಿ ನಕ್ಕ.
"ಕಾಜಿನ ಕಪಾಟಿನಾಗ ಇಡ್ತೀನಿ, ಬೆನ್ನು ಗೋಡಿಗಿ.
ಹಿಂದ ಏನರ ಮಾಡ್ರಿ, ಇಲ್ಲ ಖಾಲಿ ಬಿಡ್ರಿ."
ಖಾಲಿ ಬಿಡಲಿಕ್ಕಾಗೋದಿಲ್ಲ.
ಎಡಗಡಿಯಂವ ಒಂದು ಈಟಿ ಎಸದಾನ,
ಅದು ಚಿತ್ರದ ಅಂಚು ದಾಟಿ ಹೋಗ್ಯದ.
ಬಾಲದ ಕಡಿ ಅರ್ಧ ಫೋಟೋದಾಗ.
ಮೊನಿ ಎಲ್ಲಿ ನಟ್ಟದ, ಯಾರಿಗಿ ನಟ್ಟದ,
ಬರದಂವ ಹೇಳಬೇಕು. ಅಂವ ಇಲ್ಲ.

ಸುರಾಯಿ ಹೊಟ್ಟಿ ಸುತ್ತ ದಾರ ಹಿಡಿದು ಅಳದೆ.
ಸೀದಾ ಹೋದರ ಹಿಂದಿನಿಂದ ಬಳಸಿ ಬಂದು
ಎಸದವನ ಬೆನ್ನಿಗೇ ಮುಟ್ಟತದ.
ಉಸ್ತಾದ್ ಕೆಮ್ಮಿ ಕೆಮ್ಮಿ ನಕ್ಕರು:
"ದುಂಡನ ಭಾಂಡೆ ಮ್ಯಾಲ ಜಗಳ ಆಡಬಾರದು."

ಆದರ ಆ ದಾರಿಯಾಗ ನಾ ಒಬ್ಬಾಕಿನ್ನ ನಿಲ್ಲಿಸಿದೆ.
ಬಗ್ಗಿ ಜರಡಿ ಹಿಡದಾಳ.
ಕಿಲ್ಲಾದೊಳಗ, ಮಳಿ ಬಿಸಿಲು ಕಾಣದ ಗ್ವಾಡಿ ಬುಡದಾಗ
ಮಣ್ಣು ಸಾಣಿಸ್ತಾಳ,
ಚಿಟಿಕಿ ತಗೊಂಡು ನಾಲಿಗಿಗಿ ಇಟ್ಟು ನೋಡ್ತಾಳ
ನಮ್ಮವ್ವ ನೋಡ್ತಿದ್ದ ಹಾಂಗ.
ಆ ಮಣ್ಣಿನಾಗ ಯಾವ ತೋಪಿನ ಮದ್ದು, ಯಾವ ಕುದುರಿ ಉಚ್ಚಿ,
ಯಾರ ಬೆವರು, ಲೆಕ್ಕ ಇಟ್ಟವರಿಲ್ಲ.
ಉಪ್ಪು ಹತ್ತಿದರ ಸಾಕು, ಚೀಲ ತುಂಬತಿದ್ದಳು.
ಈಕಿಗಿ ಬೆನ್ನ ಹಿಂದಿನ ಈಟಿ ಗೊತ್ತಿಲ್ಲ.
ಮೈ ತುಂಬ ಬೆಳ್ಳಿ ಕೂಡಿಸಿದೆ, ತಂತಿ ಅಲ್ಲ, ತಗಡು.
ಚೀಟಿಗಿ ಬರೀಲಿಲ್ಲ ಅದನ್ನ,
ನಾ ಬಿಚ್ಚಿಟ್ಟಿದ್ದ ಕಾಲುಂಗರದ್ದು.

ನಿನ್ನೆ ಮಣ್ಣು ಕುದೀತು.
ಮುಳುಗಿಸಿ ತೆಗದರ ಜಸ್ತ ಎಲ್ಲಾ ಕಪ್ಪು,
ಬೆಳ್ಳಿ ಬೆಳ್ಳಿನೇ.
ಉಸ್ತಾದ್ ಅಂಗೈಯಾಗ ಶೇಂಗಾ ಎಣ್ಣಿ ಹಾಕ್ಕೊಂಡು
ಒರಸಕೋತ ಒರಸಕೋತ ಬೆಳಕಿಗಿ ತಿರುವಿದರು.
ಚೇಳು, ಜೂಲು, ರೆಪ್ಪಿ ಇಲ್ಲದ ಕಣ್ಣು,
ತೊಡಿ ಮ್ಯಾಲಿನ ಖಾಲಿ ಗೀರು,
ಹೊಟ್ಟಿ ಬಳಸಿ ಹೊಂಟ ಈಟಿ.
ಹಿಂದ ಬಂದು ಹೆಬ್ಬೆರಳು ನಿಂತಿತು.
ಮೊನಿಗೂ ಆಕಿ ಬೆನ್ನಿಗೂ ನಡುವ
ಎರಡು ಬೆರಳು ಕಪ್ಪು.

"ಇಲ್ಲಿ ಕೆಲಸ ಬಾಕಿ ಅದಲ್ಲ?"
"ಇಲ್ರಿ," ಅಂದೆ, "ಮುಗದದ."
ಅಷ್ಟೇ ಜಾಗಕ್ಕ
ಇನ್ನೊಮ್ಮೆ ಎಣ್ಣಿ ಹಚ್ಚಿದರು.